ರಂಗದ ಮೇಲಿನ ವಾಣಿ, ಮನೆಯೊಳಗಿನ ಮೌನ

ಪ್ರಾಚೀನ ಗ್ರೀಸಿನ ಸ್ತ್ರೀಯರೆಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವವರು ಆಂಟಿಗೊನೆ, ಮೆಡಿಯಾ ಮೊದಲಾದ ನಾಟಕನಾಯಿಕೆಯರು. ಕ್ರಿ.ಪೂ. 431ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶಿತವಾದ ಯೂರಿಪಿಡೀಸನ ನಾಟಕದಲ್ಲಿ, ಪತಿಯಿಂದ ಪರಿತ್ಯಕ್ತಳಾದ ಮೆಡಿಯಾ ಹೆಣ್ಣಿನ ಬಾಳಿನ ಸಂಕಟಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾಳೆ. ಹೆರಿಗೆಯು ರಣರಂಗಕ್ಕಿಂತ ಘೋರವಾದುದೆಂದು ವಾದಿಸುತ್ತಾಳೆ. ಆದರೆ ಆ ಮಾತುಗಳನ್ನು ರಚಿಸಿದವನು ಪುರುಷ. ಮುಖವಾಡ ಧರಿಸಿ ನುಡಿದವನೂ ಪುರುಷನೇ.

ಹಾಗಾದರೆ ಅಥೆನ್ಸಿನ ನಿಜವಾದ ಗೃಹಿಣಿಯ ಬಾಳು ಎಂತಿತ್ತು? ಗೃಹಕೃತ್ಯವನ್ನು ಕುರಿತ ಜೆನೊಫನ್‌ನ ಗ್ರಂಥದಲ್ಲಿ ಬರುವ ವಧುವಿಗೆ ಪತಿಗೃಹವನ್ನು ಸೇರುವಾಗ 15 ವರ್ಷಗಳೂ ತುಂಬಿರಲಿಲ್ಲ. ಹೆಣ್ಣು ಜೀವನವಿಡೀ ತಂದೆ, ಪತಿ ಅಥವಾ ಬಂಧುವೊಬ್ಬನ ಪೋಷಕತ್ವದಲ್ಲಿರಬೇಕಿತ್ತು. ಸುಮಾರು 50 ಲೀಟರ್ ಬಾರ್ಲಿಯ ಬೆಲೆಯನ್ನು ಮೀರಿದ ವ್ಯವಹಾರವನ್ನು ಆಕೆ ಸ್ವತಂತ್ರವಾಗಿ ಮಾಡುವಂತಿರಲಿಲ್ಲ. ಅಥೀನಾ ದೇವಿಯ ಅರ್ಚಕಿಯಾಗಿ ಗೌರವ ಪಡೆದವಳಿಗೂ ಜನಸಭೆಯಲ್ಲಿ ಮತವಿರಲಿಲ್ಲ.

ಇಲ್ಲೊಂದು ವಿಪರ್ಯಾಸವುಂಟು. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ತಂದ ಶಾಸನದಂತೆ, ತಂದೆತಾಯಿಗಳಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗನಿಗೆ ಪೌರತ್ವ. ತನಗಿಲ್ಲದ ಹಕ್ಕನ್ನು ಮಗನಿಗೆ ದೊರಕಿಸುವವಳು ತಾಯಿ! ಮುಂದಿನ ಶತಮಾನದಲ್ಲಿ ಡೆಮಾಸ್ತನೀಸ್ ಬರೆದುಕೊಟ್ಟ ನ್ಯಾಯಾಲಯದ ಭಾಷಣವೊಂದು ಉಳಿದುಬಂದಿದೆ. ತಾಯಿಯು ಪೇಟೆಯಲ್ಲಿ ರಿಬ್ಬನ್ ಮಾರಿದಳು, ಪರರ ಶಿಶುವಿಗೆ ಹಾಲೂಡಿದಳು ಎಂಬುದನ್ನೇ ಮುಂದೊಡ್ಡಿ ವಿರೋಧಿಗಳು ಮಗನ ಪೌರತ್ವವನ್ನು ಶಂಕಿಸಿದ್ದರು. ಬಡತನ ಆಕೆಯನ್ನು ಆ ಕೆಲಸಕ್ಕೆ ದೂಡಿತೇ ಹೊರತು ಅದು ಕುಲಹೀನತೆಯ ಗುರುತಲ್ಲವೆಂದು ಮಗನು ಬೇಡಿಕೊಳ್ಳುತ್ತಾನೆ. ಹಾಲೂಡಿದ ಆ ತಾಯಿ ಪ್ರಖ್ಯಾತ ನಾಯಿಕೆಯಲ್ಲ; ಆದರೆ ಅಥೆನ್ಸಿನ ಬೀದಿಗಳಲ್ಲಿ ನಿಜವಾಗಿ ನಡೆದಾಡಿದವಳು.

ಕ್ರಿ.ಪೂ. 400ರ ಸುಮಾರಿನ ಸಮಾಧಿಶಿಲೆಯೊಂದು ಇಂದು ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಹೆಗೆಸೊ ಎಂಬ ಮಹಿಳೆ ಪೀಠದಲ್ಲಿ ಕುಳಿತು ಪೆಟ್ಟಿಗೆಯಿಂದ ಆಭರಣವನ್ನೆತ್ತಿ ನೋಡುತ್ತಿದ್ದಾಳೆ. ಎದುರಿಗೆ ಪೆಟ್ಟಿಗೆ ಹಿಡಿದು ದಾಸಿ ನಿಂತಿದ್ದಾಳೆ. ಶಿಲೆಯ ಮೇಲೆ ಹೆಗೆಸೊಳ ಹೆಸರಿದೆ, ಅದರೊಡನೆ ಪ್ರಾಕ್ಸೆನೊಸ್ ಎಂಬ ಪುರುಷನ ಹೆಸರೂ ಇದೆ. ದಾಸಿಯ ಹೆಸರಿಲ್ಲ.

ಸೋದರಿಯರೇ, ಗ್ರೀಕ್ ನಾಟಕಗಳು ಮಹೋನ್ನತ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮೆಡಿಯಾಳ ಗರ್ಜನೆಯನ್ನು ಕೇಳಿ ಅಥೆನ್ಸಿನ ಸ್ತ್ರೀಯನ್ನು ಅರಿತೆವೆಂದು ಭಾವಿಸುವುದು ಸಲ್ಲದು. ರಿಬ್ಬನ್ ಮಾರಿದ ತಾಯಿಯನ್ನೂ ಪೆಟ್ಟಿಗೆ ಹಿಡಿದು ನಿಂತ ಆ ಅನಾಮಿಕೆಯನ್ನೂ ಜೊತೆಗೆ ನೆನೆದಾಗಲೇ ಆ ಅರಿವು ಪೂರ್ಣವಾದೀತು.