‘ಆಯತಪ್ಪಿ ಬಿದ್ದರು’ ಎಂದರೆ ಸಾಕೇ?

ಕಾರ್ಖಾನೆಯಲ್ಲಿ ಕಾರ್ಮಿಕರೊಬ್ಬರು ಗುಂಡಿಗೆ ಬಿದ್ದು ಸತ್ತರೆ ಸುದ್ದಿಯಲ್ಲಿ ಸಾಮಾನ್ಯವಾಗಿ ಕಾಣುವ ಮಾತು ‘ಆಯತಪ್ಪಿ ಬಿದ್ದರು’. ಅಲ್ಲಿಗೆ ತಪ್ಪೆಲ್ಲ ಬಿದ್ದವರದೇ ಆಗಿಬಿಡುತ್ತದೆ. ಆ ಗುಂಡಿಯನ್ನು ತೆರೆದು ಬಿಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಇಂಥ ಎಷ್ಟೋ ಗುಂಡಿಗಳು ಕೆಲವೇ ಗಂಟೆಗಳ ಮಟ್ಟಿಗೆ ತೆರೆದವು. ಪೈಪು ರಿಪೇರಿಗೆಂದು ನೆಲದ ಗ್ರೇಟಿಂಗ್ ತೆಗೆಯುತ್ತಾರೆ. ಅರ್ಧ ಗಂಟೆಯ ಕೆಲಸ ಮುಂದಿನ ಪಾಳಿಗೆ ಉಳಿಯುತ್ತದೆ. ತೆಗೆದವರಿಗೆ ಅಪಾಯ ಗೊತ್ತು. ರಾತ್ರಿ ಪಾಳಿಗೆ ಬಂದ ಗುತ್ತಿಗೆ ಕಾರ್ಮಿಕನಿಗೆ, ಮೊನ್ನೆ ಸೇರಿದ ಅಪ್ರೆಂಟಿಸ್‌ಗೆ ಗೊತ್ತಿಲ್ಲ. ಅದರ ಮೇಲೊಂದು ಪ್ಲೈವುಡ್ ತುಂಡು ಹಾಕಿದರಂತೂ ಅಪಾಯ ಇನ್ನೂ ಹೆಚ್ಚು. ಸುಮ್ಮನೆ ಬಿದ್ದಿರುವ ಹಲಗೆ ಎಂದು ಯಾರೋ ಎತ್ತುತ್ತಾರೆ. ಕೈಯಲ್ಲಿರುವ ಹಲಗೆಯೇ ಮುಂದಿನ ಗುಂಡಿಯನ್ನು ಮರೆಮಾಡುತ್ತದೆ. ಒಂದೇ ಹೆಜ್ಜೆ, ನೇರ ಕೆಳಗೆ.

ಇದು ಹೊಸದಾಗಿ ಕಂಡ ಅಪಾಯವಲ್ಲ. ನೆಲದ ಗುಂಡಿ, ತೆರಪುಗಳನ್ನು ಭದ್ರವಾಗಿ ಮುಚ್ಚಬೇಕು ಇಲ್ಲವೇ ಬೇಲಿ ಹಾಕಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 33ನೇ ಸೆಕ್ಷನ್ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಾಲೀಕರ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಆದರೆ ಇದೆಲ್ಲ ಜೀವ ಹೋದ ಮೇಲಿನ ಮಾತು.

ಜೀವ ಉಳಿಸುವ ದಾರಿ ದುಬಾರಿಯೇನಲ್ಲ. ಭಾರ ತಡೆಯುವ, ಸರಿಯದಂತೆ ಬೋಲ್ಟ್ ಹಾಕಿದ ಮುಚ್ಚಳ. ಅದರ ಮೇಲೆ ‘ಕೆಳಗೆ ಗುಂಡಿ ಇದೆ’ ಎಂಬ ದೊಡ್ಡ ಬರಹ. ತೆರೆದಿರುವಷ್ಟು ಹೊತ್ತು ಸುತ್ತ ಗಟ್ಟಿ ಕಂಬಿ. ಪಾಳಿ ಬದಲಾಗುವಾಗ ರಿಜಿಸ್ಟರ್‌ನಲ್ಲಿ ಒಂದು ಸಾಲು. ಕೆಂಪು-ಬಿಳಿ ಟೇಪು ಬೇಲಿಯಾಗದು. ಅದು ಮನುಷ್ಯನ ಭಾರ ತಡೆಯುವುದಿಲ್ಲ.

ಹಾಗಿದ್ದೂ ಏಕೆ ಆಗುತ್ತಿಲ್ಲ? ಉತ್ಪಾದನೆ ನಿಲ್ಲಬಾರದೆಂಬ ಅವಸರ ಒಂದು. ಕಂಪನಿ ಗುತ್ತಿಗೆದಾರನತ್ತ, ಗುತ್ತಿಗೆದಾರ ಕಂಪನಿಯತ್ತ ಬೆರಳು ತೋರಿಸುವುದು ಇನ್ನೊಂದು. ಇವೆರಡರ ನಡುವೆ ನಿಲ್ಲುವವರು ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೋ ಬಿಡದಿಗೋ ಹೊರಡುವ ನಮ್ಮಂಥವರು.

ಸುರಕ್ಷತೆಯ ಮಾಹಿತಿ ಕೇಳುವ ಹಕ್ಕನ್ನು ಹೊಸ ಸಂಹಿತೆಯೂ ಕಾರ್ಮಿಕರಿಗೆ ಕೊಟ್ಟಿದೆ. ಕಾಯಂ ಆಗದವರು ಒಬ್ಬರೇ ಕೇಳಲು ಹೆದರುವುದು ಸಹಜ. ನಾಲ್ವರು ಸೇರಿ ಕೇಳಿದರೆ ಕಡೆಗಣಿಸುವುದು ಕಷ್ಟ. ಸಂದರ್ಶನದಲ್ಲಿ ಸಂಬಳ, ರಜೆ ವಿಚಾರಿಸುವ ನಾವು ಇದನ್ನೂ ವಿಚಾರಿಸೋಣ: ಗ್ರೇಟಿಂಗ್ ತೆಗೆದರೆ ಮತ್ತೆ ಮುಚ್ಚುವ ಹೊಣೆ ಇಲ್ಲಿ ಯಾರದು?