ಎರಡು ಬಿಂಬಗಳ ಸಂಗಮ

ನಂಜನಗೂಡಿನ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದನ್ನು ಕಂಡಾಗಲೆಲ್ಲ ನನಗೆ ರೇಂಜ್‌ಫೈಂಡರ್ ಕ್ಯಾಮೆರಾ ನೆನಪಾಗುತ್ತದೆ. ಅದರ ಕಿಂಡಿಯಲ್ಲಿ ಎರಡು ಬಿಂಬಗಳು ಒಂದಾದಾಗಲೇ ಚಿತ್ರ ಸ್ಪಷ್ಟವಾಗುವುದು. ಚೌಕಟ್ಟಿನ ಹೊರಗಿನದೂ ಕಾಣುವುದರಿಂದ, ದೊಡ್ಡ ಜಾತ್ರೆಯ ತೇರಿನೆದುರು ನಿಂತವನು ಬರಲಿರುವ ಕ್ಷಣಕ್ಕೆ ಸಿದ್ಧನಾಗಬಲ್ಲ.

ಡಿಜಿಟಲ್ ರೂಪದಲ್ಲಿ ಇಂತಹುದನ್ನು ಮೊದಲು ತಂದದ್ದು 2004ರ ಎಪ್ಸನ್ ಆರ್-ಡಿ1, ಅದೀಗ ತಯಾರಾಗುತ್ತಿಲ್ಲ. 2006ರಲ್ಲಿ ಎಂ8ರೊಡನೆ ಬಂದ ಲೈಕಾದ ಹೊಸ ಕ್ಯಾಮೆರಾಗಳ ಬೆಲೆ ಹಲವು ಲಕ್ಷ. 2011ರ ಫ್ಯೂಜಿ ಎಕ್ಸ್100 ಹೊರನೋಟಕ್ಕಷ್ಟೇ ಅದರಂತೆ. ಸೂಕ್ಷ್ಮ ಯಂತ್ರ, ಕೊಳ್ಳುವವರು ವಿರಳ. ಬೆಲೆ ಏರುವುದು ಸಹಜ. ಆದರೂ ನೋಡುವುದನ್ನು ಕಲಿಸುವ ಸಾಧನವೊಂದು ಸಿರಿವಂತರ ಒಡವೆಯಾಗಿಬಿಡುವುದು ನನಗೆ ಒಪ್ಪಿತವಲ್ಲ. ಅಲಂಕಾರಗಳಿಲ್ಲದ ಅಗ್ಗದ ಮಾದರಿಯೊಂದನ್ನು ತಯಾರಕರು ತರಬೇಕು.

ಪ್ರಿಯ ಶಿಷ್ಯರೇ, ಅಲ್ಲಿಯವರೆಗೆ ತಾತನ ಹಳೆಯ ಯಾಷಿಕಾ ಬೀರುವಿನಲ್ಲಿದ್ದರೆ ಗುಜರಿಗೆ ಹಾಕಬೇಡಿ.