ಮೊದಲು ಬೆಳಕು, ಆಮೇಲೆ ಕ್ಯಾಮೆರಾ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮೆಷಿನ್ ಶಾಪಿನ ಕ್ಯೂಸಿ (ಗುಣಮಟ್ಟ ತಪಾಸಣೆ) ಮೇಜಿನ ಪಕ್ಕ ಐದು ನಿಮಿಷ ನಿಂತು ನೋಡಬೇಕು. ತಪಾಸಣೆಗೆ ಕೂತ ಹೆಣ್ಣುಮಗಳು ಬೇರಿಂಗಿನ ರಿಂಗನ್ನು ನೆಟ್ಟಗೆ ಹಿಡಿದು ನೋಡುವುದೇ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಮಣಿಕಟ್ಟನ್ನು ಕೊಂಚ ಅತ್ತಿತ್ತ ಹೊರಳಿಸುತ್ತಾಳೆ. ಯಾವುದೋ ಒಂದು ಓರೆಯಲ್ಲಿ ಗೀರು ಫಳಕ್ಕನೆ ಮಿಂಚುತ್ತದೆ. ರಿಂಗು ಕೆಂಪು ಡಬ್ಬಿಗೆ ಬೀಳುತ್ತದೆ.

ಹಾಗೆ ಹೊರಳಿಸುವ ಕೈ, ಕ್ಯಾಮೆರಾದಿಂದ ತಪಾಸಣೆ ಮಾಡುವ ಯಂತ್ರಕ್ಕಿಲ್ಲ.

ಮೆಷಿನ್ ವಿಷನ್ ಎಂಬ ಈ ಯಂತ್ರ ಕಟ್ಟುವವರ ಪಾಡೆಲ್ಲ ಶುರುವಾಗುವುದು ಇಲ್ಲಿಂದ. ಆದರೆ ಕೊಳ್ಳುವವರು ಮೊದಲು ವಿಚಾರಿಸುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು. ಈಚೆಗೆ, ಎಐ ಇದೆಯೇ ಎಂದು. ಬೆಳಕಿನ ಮಾತು ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ.

ಹೊಳಪು ಕೊಟ್ಟ ಲೋಹದ ಮೇಲೆ ನೇರವಾಗಿ ಬೆಳಕು ಬಿಟ್ಟರೆ ಅದು ಕನ್ನಡಿಯಾಗುತ್ತದೆ, ಗೀರು ಆ ಝಗಝಗದಲ್ಲೇ ಮುಳುಗಿಹೋಗುತ್ತದೆ. ಅದೇ ಬೆಳಕನ್ನು ಪಕ್ಕದಿಂದ, ಮೇಲ್ಮೈ ಸವರುವಷ್ಟು ತಗ್ಗಿನಲ್ಲಿ ಹಾಯಿಸಿದರೆ ನುಣುಪಾದ ಭಾಗ ಕಪ್ಪಾಗಿ ಗೀರಿನ ಅಂಚಷ್ಟೇ ಬೆಳ್ಳಗೆ ಏಳುತ್ತದೆ. ಗೇರಿನ ಹಲ್ಲು ಮುರಿದಿದೆಯೇ ಎಂದು ನೋಡಲು ಹಿಂದಿನಿಂದ ಬೆಳಕು ಕೊಟ್ಟರಾಯಿತು, ನೆರಳೇ ಹೇಳುತ್ತದೆ.

ಉಳಿದದ್ದು ಶಾಲೆಯ ಲೆಕ್ಕ. 100 ಮಿ.ಮೀ. ಅಗಲದಲ್ಲಿ 0.1 ಮಿ.ಮೀ. ದೋಷ ಹಿಡಿಯಬೇಕು, ದೋಷದ ಮೇಲೆ 3 ಪಿಕ್ಸೆಲ್ಲಾದರೂ ಬೀಳಬೇಕು ಎಂದಾದರೆ ಅಡ್ಡಕ್ಕೆ 3,000 ಪಿಕ್ಸೆಲ್ ಬೇಕು. ಬೆಲ್ಟು ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದರೆ, ಕ್ಯಾಮೆರಾ ಒಂದೇ ಮಿಲಿಸೆಕೆಂಡ್ ಕಣ್ಣು ತೆರೆದರೂ ಚಿತ್ರ 0.5 ಮಿ.ಮೀ. ಕಲೆಸಿಹೋಗುತ್ತದೆ, ಅಂದರೆ ಹುಡುಕುವ ದೋಷದ ಐದರಷ್ಟು. ಅದಕ್ಕೇ ಎಲ್‌ಇಡಿಯನ್ನು 50 ಮೈಕ್ರೋಸೆಕೆಂಡ್ ಮಾತ್ರ ಮಿಂಚಿಸುತ್ತಾರೆ.

ಎಐ ಬೇಡವೆಂದಲ್ಲ. ಎರಕದ ಒರಟು ಮೈಯಲ್ಲಿ ಸಹಜ ತರಿ ಯಾವುದು, ಬಿರುಕು ಯಾವುದು ಎಂದು ಬೇರ್ಪಡಿಸಲು ಹಳೆಯ ಪ್ರೋಗ್ರಾಂಗಳು ತಿಣುಕುತ್ತಿದ್ದವು. ಅಲ್ಲಿ ಎಐ ನಿಜಕ್ಕೂ ನೆರವಿಗೆ ಬಂದಿದೆ. ಆದರೆ ಚಿತ್ರದಲ್ಲಿ ಮೂಡದ ಗೀರನ್ನು ಅದೂ ಹಿಡಿಯಲಾರದು.

ಕೆಟ್ಟ ಬೆಳಕಿಗೆ ದಂಡ ಕಟ್ಟುವುದು ಒಳ್ಳೆಯ ಮಾಲು. ದಿನಕ್ಕೆ 10,000 ಪೀಸ್ ಬರುವ ಲೈನಿನಲ್ಲಿ ನೂರಕ್ಕೆ ಎರಡನ್ನು ಯಂತ್ರ ಸುಮ್ಮಸುಮ್ಮನೆ ತಳ್ಳಿದರೆ, ಸಂಜೆಗೆ 200 ಒಳ್ಳೆಯ ಪೀಸು ರಿಜೆಕ್ಟ್. ಬೇಸತ್ತ ಸೂಪರ್‌ವೈಸರ್ ಸೆಟ್ಟಿಂಗ್ ಸಡಿಲ ಮಾಡುತ್ತಾನೆ. ಅಲ್ಲಿಂದ ಮುಂದೆ ಲಕ್ಷಗಟ್ಟಲೆಯ ಯಂತ್ರ ಬರೀ ದೀಪಾಲಂಕಾರ.

ಆರ್ಡರ್ ಕೊಡುವ ಮುನ್ನ ಮಾಲೀಕರು ಆ ಕೆಂಪು ಡಬ್ಬಿಯನ್ನು, ಕೂಲೆಂಟ್ ಒರೆಸದೆ ಹಾಗೆಯೇ, ಯಂತ್ರ ಮಾರುವವರ ಮುಂದೆ ಸುರಿದು ಡೆಮೊ ಕೇಳಲಿ. ಕ್ಯೂಸಿ ಮೇಜಿನ ಆ ಹೆಣ್ಣುಮಗಳನ್ನೂ ಜೊತೆಗೆ ಕರೆದೊಯ್ಯಲಿ.